8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಆಂಡ್ರಾಯ್ಡ್ ಸ್ಟುಡಿಯೋ: ಮೆಮೊರಿ ಹಂಚುವ ಸಮಗ್ರ ಮಾರ್ಗದರ್ಶಿ

ಫೋನ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ಒಂದನ್ನೇ ಓಡಿಸಲು ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನ್) ಕೂಡ ಬೇಕೆಂದರೆ 16 ಜಿಬಿ ಎನ್ನುತ್ತದೆ ಗೂಗಲ್. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದೇ 8. ರನ್ ಒತ್ತಿದ ಮೇಲೆ ಮೌಸ್ ಕೂಡ ಅಲ್ಲಾಡುವುದಿಲ್ಲ, ಫ್ಯಾನ್ ಕೂಗುತ್ತದೆ, ಕಾದೂ ಕಾದೂ ಕೊನೆಗೆ ಕೆಂಪು ಸಾಲು ಬಂದು ಬಿಲ್ಡ್ (ಕೋಡ್‌ನಿಂದ ಆ್ಯಪ್ ತಯಾರಿಸುವ ಕೆಲಸ) ನಿಲ್ಲುತ್ತದೆ.

ಹೆಸರಿಗೆ ಇದು ಒಂದೇ ಪ್ರೋಗ್ರಾಂ. ಪಂಕ್ತಿಯಲ್ಲಿ ಕೂತವರು ಮಾತ್ರ ನಾಲ್ವರು: ಕೋಡ್ ಬರೆಯುವ ಸ್ಟುಡಿಯೋ, ಬಿಲ್ಡ್ ಮಾಡುವ ಗ್ರೇಡಲ್ ಡೀಮನ್, ಕಾಟ್ಲಿನ್ ಭಾಷೆಯ ಕೋಡ್ ಕಂಪೈಲ್ ಮಾಡುವ ಕಾಟ್ಲಿನ್ ಡೀಮನ್, ಆ್ಯಪ್ ತೋರಿಸುವ ಎಮ್ಯುಲೇಟರ್. ಡೀಮನ್ ಎಂದರೆ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪ್ರೋಗ್ರಾಂ. ಒಬ್ಬರ ಎಲೆಯಲ್ಲಿ ಎಷ್ಟಿದೆ ಎಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಬಡಿಸುವವರು ನೀವೇ ಆದ್ದರಿಂದ ಯಾರಿಗೆ ಎಷ್ಟು ಎಂದು ಮೊದಲೇ ನಿಗದಿ ಮಾಡಬೇಕು. ಆಗ 8 ಜಿಬಿಯಲ್ಲಿ ಮೂವರಿಗೆ ಸಾಲುತ್ತದೆ. ನಾಲ್ಕನೆಯವರನ್ನು ಎಬ್ಬಿಸಿ ಕಳಿಸಬೇಕಾಗುತ್ತದೆ.

ಇಲ್ಲಿನ ಹಂತಗಳು ವಿಂಡೋಸ್ 11ಕ್ಕೆ ಹೇಳಿದವು. ವಿಂಡೋಸ್ 10ರಲ್ಲಿಯೂ ಹೆಚ್ಚುಕಡಿಮೆ ಇದೇ ದಾರಿ. ಕನ್ನಡದಲ್ಲಿ ಬರೆದಿರುವ ಆಜ್ಞೆ, ಫೈಲ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲು ಅಳತೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಕ್ಲಿಕ್ ಮಾಡಿ. ಎಲ್ಲರೂ ನೋಡುವುದು ಶೇಕಡಾವಾರು ಅಂಕಿಯನ್ನು. ಅದಕ್ಕಿಂತ ಮುಖ್ಯವಾದವು ಕೆಳಗಿನ ಸಣ್ಣ ಅಕ್ಷರದ ಎರಡು ಸಾಲುಗಳು.

ಒಂದು, ಹಾರ್ಡ್‌ವೇರ್ ರಿಸರ್ವ್ಡ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ರ‍್ಯಾಮ್‌ನಿಂದಲೇ ಪಾಲು ತೆಗೆದಿಡುತ್ತದೆ. ರೈಜೆನ್ ಲ್ಯಾಪ್‌ಟಾಪ್‌ಗಳಲ್ಲಿ ಇದು 512 ಎಂಬಿಯಿಂದ 2 ಜಿಬಿವರೆಗೂ ಇರಬಹುದು. 2 ಜಿಬಿ ಹೋಗುತ್ತಿದ್ದರೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಯುಎಂಎ ಫ್ರೇಮ್ ಬಫರ್ ಎಂಬ ಆಯ್ಕೆ ಇದೆಯೇ ನೋಡಿ, ಇದ್ದರೆ 512 ಎಂಬಿಗೆ ಇಳಿಸಿ. ಆ್ಯಪ್ ಬರೆಯುವ ಕೆಲಸಕ್ಕೆ ಅಷ್ಟು ಧಾರಾಳ. ಎಲ್ಲ ಕಂಪನಿಗಳ ಬಯೋಸ್‌ನಲ್ಲೂ ಈ ಆಯ್ಕೆ ಕಾಣಿಸುವುದಿಲ್ಲ.

ಎರಡನೆಯದು ಕಮಿಟೆಡ್. ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. 9.6/12.4 ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ವಿಂಡೋಸ್ ಈವರೆಗೆ ಪ್ರೋಗ್ರಾಂಗಳಿಗೆ ‘ಇಷ್ಟು ಕೊಡುತ್ತೇನೆ’ ಎಂದು ಕೊಟ್ಟ ಮಾತು. ಎರಡನೆಯದು ಅದು ಒಟ್ಟು ಕೊಡಬಲ್ಲ ಮಾತಿನ ಮಿತಿ: ರ‍್ಯಾಮ್ ಮತ್ತು ಡಿಸ್ಕ್‌ನಲ್ಲಿರುವ ಪೇಜಿಂಗ್ ಫೈಲ್ ಸೇರಿ ಎಷ್ಟೋ ಅಷ್ಟು. ವಿಂಡೋಸ್ ಈ ವಿಷಯದಲ್ಲಿ ಹಳೇ ಕಾಲದ ಸಾಹುಕಾರನ ಹಾಗೆ. ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆ ಎನ್ನುವುದೇ ಇಲ್ಲ. ಮೊದಲ ಅಂಕಿ ಎರಡನೆಯದನ್ನು ಮುಟ್ಟಿದರೆ, ರ‍್ಯಾಮ್‌ನಲ್ಲಿ ಜಾಗ ಉಳಿದಿದ್ದರೂ ಹೊಸದಾಗಿ ಕೇಳಿದವರಿಗೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ‘ಶೇಕಡ 80 ಅಂತ ತೋರಿಸ್ತಿದೆ, ಆದ್ರೂ ಮೆಮೊರಿ ಸಾಲದು ಅಂತ ಯಾಕೆ ಹೇಳ್ತಿದೆ?’ ಎಂಬ ಪ್ರಶ್ನೆಗೆ ಕಾರಣ ಇದೇ.

ಯಾರು ಎಷ್ಟು ಮಾತು ತೆಗೆದುಕೊಂಡಿದ್ದಾರೆ ಎಂದು ನೋಡಲು ಡೀಟೇಲ್ಸ್ ಪುಟದಲ್ಲಿ ಕಾಲಂ ತಲೆಬರಹದ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಂಸ್‌ನಲ್ಲಿ ಕಮಿಟ್ ಸೈಜ್ ಆರಿಸಿ. ಬಿಲ್ಡ್ ನಡೆಯುವಾಗ ಇದನ್ನೊಮ್ಮೆ ನೋಡಿ, ದೊಡ್ಡ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಜಾವಾ ಹೆಸರಿನ ಎರಡು ಮೂರು ಸಾಲುಗಳು ಕಂಡರೆ ಅವೇ ಡೀಮನ್‌ಗಳು.

ಪೇಜಿಂಗ್ ಫೈಲ್

ವಿಂಡೋಸ್ ತಾನೇ ನೋಡಿಕೊಳ್ಳುವ ಪೇಜಿಂಗ್ ಫೈಲ್ ರ‍್ಯಾಮ್‌ನ ಮೂರು ಪಟ್ಟು ಅಥವಾ 4 ಜಿಬಿ, ಇವೆರಡರಲ್ಲಿ ಯಾವುದು ದೊಡ್ಡದೋ ಅಲ್ಲಿಯವರೆಗೆ ಬೆಳೆಯಬಹುದು. ಆದರೆ ಆ ಡ್ರೈವ್‌ನ ಒಟ್ಟು ಗಾತ್ರದ ಎಂಟನೇ ಒಂದು ಭಾಗವನ್ನು ಮೀರುವಂತಿಲ್ಲ. ನಮ್ಮ ಕಡೆಯ ಅಂಗಡಿಗಳಲ್ಲಿ ಡಿಸ್ಕನ್ನು ಸಿ, ಡಿ, ಇ ಎಂದು ತುಂಡು ಮಾಡಿಕೊಡುವ ರೂಢಿ ಇನ್ನೂ ಹೋಗಿಲ್ಲ. ಸಿ ಡ್ರೈವ್ 80 ಜಿಬಿ ಇದ್ದರೆ ಪೇಜಿಂಗ್ ಫೈಲ್ 10 ಜಿಬಿಗೆ ನಿಲ್ಲುತ್ತದೆ. ಆ ಸಿ ಡ್ರೈವ್‌ನಲ್ಲಿ ಖಾಲಿ ಇರುವುದೇ 3 ಜಿಬಿ ಎಂದರೆ ಅಷ್ಟಕ್ಕೂ ಬೆಳೆಯಲು ಜಾಗವಿಲ್ಲ. ಹಾಗಾಗಿ ಮೊದಲು ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಮಾಡಿಕೊಳ್ಳಿ. ಹಳೆಯ ಎಮ್ಯುಲೇಟರ್ ಇಮೇಜ್‌ಗಳನ್ನು ಸ್ಟುಡಿಯೋದ ಎಸ್‌ಡಿಕೆ ಮ್ಯಾನೇಜರ್‌ನಿಂದ ತೆಗೆದರೇ ಹಲವು ಜಿಬಿ ಸಿಗುತ್ತದೆ. ಆಮೇಲೆ:

1. ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ಎಸ್‌ವೈಎಸ್‌ಡಿಎಂ ಡಾಟ್ ಸಿಪಿಎಲ್’ ಎಂದು ಟೈಪ್ ಮಾಡಿ ಎಂಟರ್ ಕೊಡಿ.
2. ಅಡ್ವಾನ್ಸ್ಡ್ ಪುಟದಲ್ಲಿ ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್, ಅಲ್ಲಿ ಮತ್ತೆ ಅಡ್ವಾನ್ಸ್ಡ್, ವರ್ಚುವಲ್ ಮೆಮೊರಿ ಹತ್ತಿರ ಚೇಂಜ್.
3. ಮೇಲಿನ ‘ಆಟೋಮ್ಯಾಟಿಕಲಿ ಮ್ಯಾನೇಜ್’ ಗುರುತನ್ನು ತೆಗೆಯಿರಿ. ಎಸ್‌ಎಸ್‌ಡಿಯಲ್ಲಿರುವ ಡ್ರೈವ್ ಆರಿಸಿ, ಕಸ್ಟಮ್ ಸೈಜ್‌ನಲ್ಲಿ ಇನಿಷಿಯಲ್ 8192, ಮ್ಯಾಕ್ಸಿಮಮ್ 16384 ಎಂದು ಬರೆಯಿರಿ. ಈ ಅಂಕಿಗಳು ಎಂಬಿ ಲೆಕ್ಕದಲ್ಲಿವೆ.
4. ಸೆಟ್ ಗುಂಡಿ ಒತ್ತಿ, ಆಮೇಲೆ ಓಕೆ. ಸೆಟ್ ಒತ್ತದೆ ಬರೀ ಓಕೆ ಕೊಟ್ಟರೆ ಬರೆದದ್ದೆಲ್ಲ ಮಾಯ. ಬಹಳ ಜನ ಎಡವುವುದು ಇಲ್ಲೇ.
5. ರೀಸ್ಟಾರ್ಟ್ ಮಾಡಿ. ಕಮಿಟೆಡ್‌ನ ಎರಡನೇ ಅಂಕಿ 15ರಿಂದ 16 ಜಿಬಿ ಆಗಿರಬೇಕು.

ಇನಿಷಿಯಲ್ ದೊಡ್ಡದಿಡಲು ಕಾರಣವಿದೆ. ಬಿಲ್ಡ್ ಮಧ್ಯೆ ಒಮ್ಮೆಲೇ ಮೆಮೊರಿ ಕೇಳಿದಾಗ, ಫೈಲ್ ಬೆಳೆದು ಮುಗಿಯುವ ಮೊದಲೇ ಜಾವಾ ಸೋತು ಕೂರಬಹುದು. ಮೊದಲೇ ಜಾಗ ಹಿಡಿದಿಟ್ಟರೆ ಆ ಪ್ರಶ್ನೆ ಬರುವುದಿಲ್ಲ. ಪೇಜಿಂಗ್ ಫೈಲ್ ದೊಡ್ಡದಾದರೆ ಕಂಪ್ಯೂಟರ್ ವೇಗವಾಗುತ್ತದೆ ಎಂದು ಮಾತ್ರ ತಿಳಿಯಬೇಡಿ. ಬಿಲ್ಡ್ ಬೀಳುವುದು ತಪ್ಪುತ್ತದೆ, ಅಷ್ಟೇ. ತಿರುಗುವ ಹಾರ್ಡ್ ಡಿಸ್ಕ್ ಇರುವವರು ಬೇರೆಲ್ಲ ಬಿಟ್ಟು ಮೊದಲು ಒಂದು ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕ್‌ನ ಮೇಲೆ ಪೇಜಿಂಗ್ ನಡೆಯುತ್ತಿದ್ದರೆ ಕೆಳಗಿನ ಯಾವ ಉಪಾಯವೂ ನೆಮ್ಮದಿ ಕೊಡದು.

ವಿಂಡೋಸ್‌ನ ಪಾಲನ್ನು ಇಳಿಸುವುದು

ಇಲ್ಲಿ ದೊಡ್ಡ ಗುಟ್ಟೇನಿಲ್ಲ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಆ್ಯಪ್ಸ್‌ನಲ್ಲಿ ಚಾಟ್, ಸಂಗೀತ, ಗೇಮ್ ಲಾಂಚರ್, ಅಪ್‌ಡೇಟರ್‌ಗಳನ್ನೆಲ್ಲ ಡಿಸೇಬಲ್ ಮಾಡಿ. ಟಚ್‌ಪ್ಯಾಡ್, ಆಡಿಯೋ ಡ್ರೈವರ್‌ಗಳಿಗೆ ಸೇರಿದವನ್ನು ಬಿಡಿ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪರ್ಫಾರ್ಮೆನ್ಸ್, ಮೆಮೊರಿ ಸೇವರ್ ಚಾಲೂ ಮಾಡಿ. ಎಡ್ಜ್‌ನಲ್ಲಿ ಸ್ಲೀಪಿಂಗ್ ಟ್ಯಾಬ್ಸ್ ಚಾಲೂ, ಸ್ಟಾರ್ಟಪ್ ಬೂಸ್ಟ್ ಬಂದ್. ಕ್ರೋಮ್ ಒಳಗೆ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಅದರದೇ ಟಾಸ್ಕ್ ಮ್ಯಾನೇಜರ್ ತೆರೆದು, ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಷನ್ ಎಷ್ಟು ತಿನ್ನುತ್ತಿದೆ ಎಂದು ತೋರಿಸುತ್ತದೆ.

ಡಬ್ಲ್ಯೂಎಸ್‌ಎಲ್ ಅಥವಾ ಡಾಕರ್ ಹಾಕಿಕೊಂಡವರು ವಿಎಂಮೆಮ್ ಎಂಬ ಪ್ರೊಸೆಸ್ ಹುಡುಕಿ. ಡಬ್ಲ್ಯೂಎಸ್‌ಎಲ್ 2 ತಾನಾಗಿಯೇ ಒಟ್ಟು ರ‍್ಯಾಮ್‌ನ ಅರ್ಧದವರೆಗೂ ಬಳಸಬಹುದು. ಕೆಲಸವಿಲ್ಲದಾಗ ‘ಡಬ್ಲ್ಯೂಎಸ್‌ಎಲ್ --ಶಟ್‌ಡೌನ್’ ಕೊಟ್ಟರೆ ಅಷ್ಟೂ ವಾಪಸ್ ಬರುತ್ತದೆ.

‘ಒಂದೇ ಕ್ಲಿಕ್‌ನಲ್ಲಿ ರ‍್ಯಾಮ್ ಕ್ಲೀನ್’ ಎನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಸುಳಿಯಬೇಡಿ. ಅವು ಓಡುತ್ತಿರುವ ಪ್ರೋಗ್ರಾಂಗಳ ಪುಟಗಳನ್ನು ರ‍್ಯಾಮ್‌ನಿಂದ ಹೊರದಬ್ಬಿ ಅಂಕಿಯನ್ನು ಚಂದ ಮಾಡುತ್ತವೆ. ಮರುಕ್ಷಣವೇ ಆ ಪುಟಗಳು ಬೇಕಾಗಿ, ಹಲವನ್ನು ಡಿಸ್ಕ್‌ನಿಂದ ಮತ್ತೆ ಎತ್ತಿ ತರಬೇಕಾಗುತ್ತದೆ. ಕಮಿಟೆಡ್ ಅಂಕಿ ಇದರಿಂದ ಒಂದಿಂಚೂ ಇಳಿಯುವುದಿಲ್ಲ. ಕ್ಯಾಶ್ಡ್ ಎಂದು ತೋರಿಸುವ ಮೆಮೊರಿಯೂ ವ್ಯರ್ಥವಲ್ಲ, ಬೇಕೆಂದಾಗ ವಿಂಡೋಸ್ ಬಿಟ್ಟುಕೊಡುತ್ತದೆ.

ಇನ್ನೊಂದು ಮಾತು: ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಮಾಡಿದರೂ ಕರ್ನಲ್ (ವಿಂಡೋಸ್‌ನ ತಿರುಳು) ಹಾಗೇ ಡಿಸ್ಕ್‌ನಲ್ಲಿ ಉಳಿದು ಮರುದಿನ ಎದ್ದು ಬರುತ್ತದೆ. ನಿಜವಾಗಿ ಹೊಸದಾಗಿ ಶುರುವಾಗಬೇಕೆಂದರೆ ರೀಸ್ಟಾರ್ಟ್ ಕೊಡಿ.

ಗ್ರೇಡಲ್ ಮತ್ತು ಕಾಟ್ಲಿನ್: ಹೆಚ್ಚು ಸಿಗುವುದು ಇಲ್ಲೇ

ಸ್ಟುಡಿಯೋದಲ್ಲಿ ಹೊಸ ಪ್ರಾಜೆಕ್ಟ್ ಮಾಡಿದರೆ ಗ್ರೇಡಲ್.ಪ್ರಾಪರ್ಟೀಸ್ ಫೈಲ್‌ನಲ್ಲಿ ‘ಆರ್ಗ್.ಗ್ರೇಡಲ್.ಜೆವಿಎಂಆರ್ಗ್ಸ್’ ಎಂಬ ಸಾಲು ಇರುತ್ತದೆ. ಅದರಲ್ಲಿ ‘-ಎಕ್ಸ್ಎಂಎಕ್ಸ್2048ಎಂ’ ಎಂದಿದ್ದರೆ, ಗ್ರೇಡಲ್‌ನ ಜಾವಾ ಹೀಪ್ (ಓಡುವಾಗ ದತ್ತಾಂಶ ಇಟ್ಟುಕೊಳ್ಳುವ ಮೆಮೊರಿ) 2 ಜಿಬಿವರೆಗೆ ಬೆಳೆಯಬಹುದು ಎಂದರ್ಥ. ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಮುಂದಿದೆ. ಕಾಟ್ಲಿನ್ ಡೀಮನ್‌ಗೆ ಬೇರೆ ಮಿತಿ ಹಾಕದಿದ್ದರೆ ಅದು ಗ್ರೇಡಲ್‌ನ ಇದೇ ಸಾಲನ್ನು ತನಗೂ ಅನ್ವಯಿಸಿಕೊಳ್ಳುತ್ತದೆ. 2 ಎಂದು ಬರೆದರೆ ಹೋಗುವುದು 4. ಬಿಲ್ಡ್ ಸಾಲದೆ ಬಿತ್ತು ಎಂದು ಅದನ್ನು 4096 ಮಾಡಿದವರು ತಮಗೆ ಗೊತ್ತಿಲ್ಲದೆಯೇ 8 ಜಿಬಿಗೆ ಅನುಮತಿ ಕೊಟ್ಟಿರುತ್ತಾರೆ. ಹೀಪ್ ಎಂಬುದು ಇಡೀ ಪ್ರೊಸೆಸ್ ಕೂಡ ಅಲ್ಲ. ಮೆಟಾಸ್ಪೇಸ್ (ಕ್ಲಾಸ್‌ಗಳ ವಿವರ ಇಡುವ ಜಾಗ), ಥ್ರೆಡ್‌ಗಳು, ಕಂಪೈಲ್ ಆದ ಕೋಡ್ ಎಲ್ಲ ಸೇರಿ ಹೀಪ್‌ನ ಮೇಲೆ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚೇ ಆಗುತ್ತದೆ.

ಬದಲಾವಣೆಯನ್ನು ಪ್ರಾಜೆಕ್ಟ್‌ನ ಫೈಲ್‌ನಲ್ಲಿ ಮಾಡಬೇಡಿ. ಕೋಡ್ ಹಂಚಿಕೊಳ್ಳುವ ಗಿಟ್ ಮೂಲಕ ಅದು ತಂಡದ ಎಲ್ಲರಿಗೂ ಹೋಗುತ್ತದೆ, 32 ಜಿಬಿ ಇರುವವರು ನಿಮ್ಮನ್ನು ಬೈಯುತ್ತಾರೆ. ಸಿ ಡ್ರೈವ್‌ನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ ‘.ಗ್ರೇಡಲ್’ ಎಂಬ ಫೋಲ್ಡರ್ ಇದೆ. ಅಲ್ಲಿ ಗ್ರೇಡಲ್.ಪ್ರಾಪರ್ಟೀಸ್ ಎಂಬ ಫೈಲ್ ಇಟ್ಟರೆ ಪ್ರಾಜೆಕ್ಟ್‌ನ ಫೈಲ್‌ಗಿಂತ ಅದರ ಮಾತೇ ನಡೆಯುತ್ತದೆ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ‘ಆಲ್ ಫೈಲ್ಸ್’ ಆರಿಸಿ. ಇಲ್ಲದಿದ್ದರೆ ಹೆಸರಿನ ಬಾಲಕ್ಕೆ ‘.ಟಿಎಕ್ಸ್‌ಟಿ’ ಅಂಟಿಕೊಂಡು, ಗ್ರೇಡಲ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಆ ಫೈಲ್‌ನಲ್ಲಿ ಈ ಐದು ಸಾಲು ಬರೆಯಿರಿ:

ಆರ್ಗ್.ಗ್ರೇಡಲ್.ಜೆವಿಎಂಆರ್ಗ್ಸ್=-ಎಕ್ಸ್ಎಂಎಕ್ಸ್1536ಎಂ -ಎಕ್ಸ್ಎಕ್ಸ್:ಮ್ಯಾಕ್ಸ್‌ಮೆಟಾಸ್ಪೇಸ್‌ಸೈಜ್=512ಎಂ -ಡಿಫೈಲ್.ಎನ್ಕೋಡಿಂಗ್=ಯುಟಿಎಫ್-8
ಕಾಟ್ಲಿನ್.ಕಂಪೈಲರ್.ಎಕ್ಸಿಕ್ಯೂಷನ್.ಸ್ಟ್ರ್ಯಾಟಜಿ=ಇನ್-ಪ್ರೊಸೆಸ್
ಆರ್ಗ್.ಗ್ರೇಡಲ್.ವರ್ಕರ್ಸ್.ಮ್ಯಾಕ್ಸ್=2
ಆರ್ಗ್.ಗ್ರೇಡಲ್.ಪ್ಯಾರಲಲ್=ಫಾಲ್ಸ್
ಆರ್ಗ್.ಗ್ರೇಡಲ್.ಡೀಮನ್.ಐಡಲ್‌ಟೈಮ್‌ಔಟ್=900000

ಇಂಗ್ಲಿಷ್‌ನಲ್ಲಿ ಟೈಪ್ ಮಾಡುವಾಗ ಎಕ್ಸ್ಎಂಎಕ್ಸ್‌ನ ಮೊದಲ ಎಕ್ಸ್ ದೊಡ್ಡಕ್ಷರ, ಉಳಿದೆರಡು ಸಣ್ಣವು. ಮುಂದಿನ ಎಕ್ಸ್ಎಕ್ಸ್‌ನಲ್ಲಿ ಎರಡೂ ದೊಡ್ಡವು. ಮ್ಯಾಕ್ಸ್, ಮೆಟಾಸ್ಪೇಸ್, ಸೈಜ್ ಈ ಮೂರರ ಮೊದಲಕ್ಷರಗಳು ಹಾಗೂ ಎನ್ಕೋಡಿಂಗ್ ಭಾಗದ ಡಿ ದೊಡ್ಡವು. ಇದರಲ್ಲಿ ತಪ್ಪಿದರೆ ಡೀಮನ್ ಶುರುವಾಗುವುದೇ ಇಲ್ಲ. ನಿಮ್ಮ ಸಾಲು ಪ್ರಾಜೆಕ್ಟ್‌ನ ಸಾಲಿಗೆ ಸೇರಿಕೊಳ್ಳುವುದಿಲ್ಲ, ಅದನ್ನು ಪೂರ್ತಿ ತಳ್ಳಿಹಾಕುತ್ತದೆ. ಅಲ್ಲಿ ಬೇರೇನಾದರೂ ಆಯ್ಕೆಗಳಿದ್ದರೆ ಇಲ್ಲಿಗೂ ನಕಲು ಮಾಡಿಕೊಳ್ಳಿ.

ಎರಡನೇ ಸಾಲು ಕಾಟ್ಲಿನ್ ಕಂಪೈಲರನ್ನು ಗ್ರೇಡಲ್‌ನ ಮನೆಯೊಳಗೇ ಕೂರಿಸುತ್ತದೆ. ಪ್ರತ್ಯೇಕ ಡೀಮನ್ ಇಲ್ಲವಾಗಿ, ಇಬ್ಬರ ಬದಲು ಒಬ್ಬರಿಗೆ ಬಡಿಸಿದರೆ ಸಾಕು. ಬಿಲ್ಡ್ ಸ್ವಲ್ಪ ನಿಧಾನವಾಗಬಹುದು, ಆದರೆ ಡಿಸ್ಕ್‌ಗೆ ಹೋಗಿ ಬರುವ ನಿಧಾನದ ಮುಂದೆ ಅದು ಏನೂ ಅಲ್ಲ. ವರ್ಕರ್ಸ್ ಸಾಲು ಇಲ್ಲದಿದ್ದರೆ ಪ್ರೊಸೆಸರ್‌ನಲ್ಲಿ ಎಷ್ಟು ಥ್ರೆಡ್ ಇದೆಯೋ ಅಷ್ಟು ಕೆಲಸಗಳನ್ನು ಗ್ರೇಡಲ್ ಒಟ್ಟಿಗೆ ಹಚ್ಚುತ್ತದೆ. 8 ಥ್ರೆಡ್ ಇರುವ ಲ್ಯಾಪ್‌ಟಾಪ್‌ನಲ್ಲಿ ಎಂಟು ಒಲೆ ಒಟ್ಟಿಗೆ ಉರಿದ ಹಾಗೆ. ಕೊನೆಯ ಸಾಲು ಮಿಲಿಸೆಕೆಂಡ್ ಲೆಕ್ಕದಲ್ಲಿ 15 ನಿಮಿಷ. ಅದನ್ನು ಬರೆಯದಿದ್ದರೆ ಕೆಲಸವಿಲ್ಲದ ಡೀಮನ್ 3 ಗಂಟೆ ಹಾಗೇ ಕೂತಿರುತ್ತದೆ.

ಕೆಲವೊಮ್ಮೆ ಇಷ್ಟೆಲ್ಲ ಆದಮೇಲೂ ಎರಡು ಗ್ರೇಡಲ್ ಡೀಮನ್ ಕಾಣುತ್ತವೆ. ಸ್ಟುಡಿಯೋ ತನ್ನ ಜೊತೆಗೇ ಬಂದ ಜೆಡಿಕೆ (ಜಾವಾ ಕಿಟ್) ಬಳಸುತ್ತದೆ, ಟರ್ಮಿನಲ್ ನೀವು ಕಾಲೇಜಿನ ಲ್ಯಾಬ್‌ಗೆಂದು ಹಾಕಿಕೊಂಡ ಬೇರೆ ಜಾವಾ ಬಳಸುತ್ತದೆ. ಜಾವಾ ಬೇರೆಯಾದರೆ ಡೀಮನ್ ಹಂಚಿಕೊಳ್ಳಲು ಆಗುವುದಿಲ್ಲ. ಜಾವಾ_ಹೋಮ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಅನ್ನು ಆಂಡ್ರಾಯ್ಡ್ ಸ್ಟುಡಿಯೋ ಫೋಲ್ಡರ್ ಒಳಗಿನ ‘ಜೆಬಿಆರ್’ ಕಡೆಗೆ ತಿರುಗಿಸಿ. ಸದ್ಯಕ್ಕೆ ಇರುವ ಡೀಮನ್‌ಗಳನ್ನು ನಿಲ್ಲಿಸಲು ಸ್ಟುಡಿಯೋದ ಟರ್ಮಿನಲ್‌ನಲ್ಲಿ ‘.\ಗ್ರೇಡಲ್‌ಡಬ್ಲ್ಯೂ --ಸ್ಟಾಪ್’ ಎನ್ನಿ. ಅದೇ ಆವೃತ್ತಿಯ ಗ್ರೇಡಲ್ ಡೀಮನ್‌ಗಳು ಮಾತ್ರ ನಿಲ್ಲುತ್ತವೆ ಎಂಬುದು ನೆನಪಿರಲಿ. ಹಳೆಯ ಪ್ರಾಜೆಕ್ಟ್‌ನ ಬೇರೆ ಆವೃತ್ತಿ ಓಡುತ್ತಿದ್ದರೆ ಆ ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗಿ ಅಲ್ಲಿಂದಲೇ ನಿಲ್ಲಿಸಬೇಕು.

ಸ್ಟುಡಿಯೋದ ಪಾಲು

ಫೈಲ್, ಸೆಟ್ಟಿಂಗ್ಸ್, ಅಪಿಯರೆನ್ಸ್ ಅಂಡ್ ಬಿಹೇವಿಯರ್, ಸಿಸ್ಟಂ ಸೆಟ್ಟಿಂಗ್ಸ್, ಮೆಮೊರಿ ಸೆಟ್ಟಿಂಗ್ಸ್. ಐಡಿಇ (ಅಂದರೆ ಸ್ಟುಡಿಯೋ) ಹೀಪ್ ಅನ್ನು 1280 ಎಂಬಿಗೆ ಇಡಿ. ಕೆಳಗಿನ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ಮೆಮೊರಿ ಇಂಡಿಕೇಟರ್ ಆರಿಸಿದರೆ ಬಳಕೆ ಸದಾ ಕಣ್ಣೆದುರಿಗಿರುತ್ತದೆ. ಅದು ಯಾವಾಗಲೂ ಮಿತಿಯ ಅಂಚಿನಲ್ಲೇ ಇದ್ದು, ಟೈಪ್ ಮಾಡಿದ ಅಕ್ಷರ ತಡವಾಗಿ ಬೀಳುತ್ತಿದ್ದರೆ 1536ಕ್ಕೆ ಏರಿಸಿ. 1024ಕ್ಕಿಂತ ಇಳಿಸಿದರೆ ಉಳಿತಾಯಕ್ಕಿಂತ ಕಸ (ಬೇಡವಾದ ಮೆಮೊರಿ) ಗುಡಿಸುವ ಕೆಲಸವೇ ಹೆಚ್ಚಾಗಿ ಪ್ರೊಸೆಸರ್ ಸುಸ್ತಾಗುತ್ತದೆ.

ಪ್ಲಗಿನ್ಸ್ ಪಟ್ಟಿಯಲ್ಲಿ ನೀವು ಬಳಸದ ವರ್ಷನ್ ಕಂಟ್ರೋಲ್, ಟೆಸ್ಟ್ ಲ್ಯಾಬ್ ಮುಂತಾದವನ್ನು ಡಿಸೇಬಲ್ ಮಾಡಿ. ಒಂದೇ ಹೊತ್ತಿಗೆ ಒಂದೇ ಪ್ರಾಜೆಕ್ಟ್ ತೆರೆಯಿರಿ. ಕಂಪೋಸ್ ಬಳಸುವವರು ಸ್ಪ್ಲಿಟ್ ಬದಲು ಕೋಡ್ ನೋಟದಲ್ಲಿ ಇರಿ. ಪ್ರಿವ್ಯೂ ಚಿತ್ರ ಬರೆಯುವುದೂ ಇದೇ ಹೀಪ್‌ನಲ್ಲಿ. ಬರೀ ಕೋಡ್ ಓದುವಾಗ ಫೈಲ್ ಮೆನುವಿನ ಪವರ್ ಸೇವ್ ಮೋಡ್ ಹಾಕಿದರೆ ಹಿನ್ನೆಲೆಯ ತಪಾಸಣೆಗಳು ನಿಲ್ಲುತ್ತವೆ. ತಪ್ಪುಗಳ ಕೆಂಪು ಗೆರೆಯೂ ಆಗ ಕಾಣಿಸದು, ಬರೆಯುವಾಗ ಮತ್ತೆ ತೆಗೆಯಿರಿ.

ಈಗ ಲೆಕ್ಕ ಹಾಕೋಣ. ಬಳಕೆಗೆ ಸಿಗುವುದು ಸುಮಾರು 7.4 ಜಿಬಿ. ಹಗುರಾದ ವಿಂಡೋಸ್‌ಗೆ 2.5ರಿಂದ 3, ಸ್ಟುಡಿಯೋಗೆ 2ರ ಒಳಗೆ, ಗ್ರೇಡಲ್‌ಗೆ 2ರ ಆಸುಪಾಸು, ನಾಲ್ಕೈದು ಟ್ಯಾಬ್‌ಗಳ ಬ್ರೌಸರ್‌ಗೆ ಮುಕ್ಕಾಲು. ಒಟ್ಟು ಏಳೂಕಾಲರಿಂದ ಏಳೂಮುಕ್ಕಾಲು. ಮೇಲಿನ ಚೂರುಪಾರನ್ನು ವಿಂಡೋಸ್‌ನ ಮೆಮೊರಿ ಕಂಪ್ರೆಷನ್ ಮತ್ತು ಪೇಜಿಂಗ್ ಫೈಲ್ ನೋಡಿಕೊಳ್ಳುತ್ತವೆ. ಎಮ್ಯುಲೇಟರ್‌ಗೆ ಇಲ್ಲಿ ಜಾಗವೇ ಇಲ್ಲ.

ಎಮ್ಯುಲೇಟರ್ ಬದಲು ಫೋನ್

2 ಜಿಬಿ ರ‍್ಯಾಮ್ ಎಂದು ಹೊಂದಿಸಿದ ಎಮ್ಯುಲೇಟರ್ ತನ್ನ ಗ್ರಾಫಿಕ್ಸ್ ಮತ್ತಿತರ ಖರ್ಚು ಸೇರಿ ಅದಕ್ಕಿಂತ ಹೆಚ್ಚೇ ತಿನ್ನುತ್ತದೆ. ಫೋನ್ ಹಚ್ಚಿದರೆ ಆ ಭಾರವನ್ನೆಲ್ಲ ಫೋನೇ ಹೊರುತ್ತದೆ.

ಫೋನ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ, ಅದರಲ್ಲಿ ಯುಎಸ್‌ಬಿ ಡೀಬಗಿಂಗ್ ಚಾಲೂ ಮಾಡಿ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ‘ಇನ್‌ಸ್ಟಾಲ್ ವಯಾ ಯುಎಸ್‌ಬಿ’ ಎಂಬ ಇನ್ನೊಂದು ಗುಂಡಿಯನ್ನೂ ಒತ್ತಬೇಕು. ಕೇಬಲ್ ಹಚ್ಚಿದಾಗ ಫೋನ್‌ನಲ್ಲಿ ಬರುವ ಅನುಮತಿ ಪ್ರಶ್ನೆಗೆ ಒಪ್ಪಿಗೆ ಕೊಡಿ. ಏನೂ ಆಗದಿದ್ದರೆ ಮೊದಲ ಅನುಮಾನ ಕೇಬಲ್ ಮೇಲಿರಲಿ: ಅಗ್ಗದ ಎಷ್ಟೋ ಕೇಬಲ್‌ಗಳು ಚಾರ್ಜ್ ಮಾಡುತ್ತವೆ, ಡೇಟಾ ಸಾಗಿಸುವುದಿಲ್ಲ. ಆಂಡ್ರಾಯ್ಡ್ 11 ಮತ್ತು ನಂತರದ ಫೋನ್‌ಗಳಲ್ಲಿ ವೈರ್‌ಲೆಸ್ ಡೀಬಗಿಂಗ್ ಕೂಡ ಇದೆ. ಹಾಸ್ಟೆಲ್, ಕಾಲೇಜಿನ ವೈಫೈಗಳಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆದಿರುವುದುಂಟು, ಅಲ್ಲಿ ಕೇಬಲ್ಲೇ ಗತಿ.

ಎಮ್ಯುಲೇಟರ್ ಬೇಕೇ ಬೇಕು ಎನ್ನುವ ದಿನ ಪ್ಲೇ ಸ್ಟೋರ್ ಇಲ್ಲದ ಇಮೇಜ್ ಆರಿಸಿ, ರ‍್ಯಾಮ್ 1536ಕ್ಕೆ ಇಳಿಸಿ, ಬ್ರೌಸರ್ ಮುಚ್ಚಿ. ಬಿಲ್ಡ್ ಮುಗಿದ ಮೇಲೆ ಎಮ್ಯುಲೇಟರ್ ತೆರೆಯಿರಿ, ಎರಡನ್ನೂ ಒಟ್ಟಿಗೆ ಓಡಿಸಬೇಡಿ.

ರಿಲೀಸ್ ಬಿಲ್ಡ್

ಪರೀಕ್ಷೆಗೆ ಮಾಡುವ ಡೀಬಗ್ ಬಿಲ್ಡ್‌ಗೆ ಸಾಕಾದ 1536, ಹೊರಗೆ ಬಿಡುವ ರಿಲೀಸ್ ಬಿಲ್ಡ್‌ಗೆ ಸಾಲದೆ ಹೋಗಬಹುದು. ಕೋಡ್ ಕುಗ್ಗಿಸುವ ಆರ್8 ಇಡೀ ಆ್ಯಪ್‌ನ ಮತ್ತು ಎಲ್ಲ ಲೈಬ್ರರಿಗಳ ಕೋಡನ್ನು ಒಟ್ಟಿಗೆ ಕಣ್ಣೆದುರು ಹರಡಿಕೊಳ್ಳುತ್ತದೆ. ಆ ದಿನ ಹೀಗೆ ಮಾಡಿ: ಹೀಪ್ ಅನ್ನು 3072ಕ್ಕೆ ಏರಿಸಿ, ಸ್ಟುಡಿಯೋ ಪೂರ್ತಿ ಮುಚ್ಚಿ, ಬ್ರೌಸರ್ ಕೂಡ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಪವರ್‌ಶೆಲ್ ತೆರೆದು ‘.\ಗ್ರೇಡಲ್‌ಡಬ್ಲ್ಯೂ ಅಸೆಂಬಲ್‌ರಿಲೀಸ್’ ಓಡಿಸಿ. ಅಸೆಂಬಲ್ ಸಣ್ಣಕ್ಷರದಿಂದ, ರಿಲೀಸ್ ದೊಡ್ಡಕ್ಷರದಿಂದ ಶುರು. ಸ್ಟುಡಿಯೋದ ಪಾಲು ಪೂರ್ತಿ ಗ್ರೇಡಲ್‌ಗೆ ಸಿಗುತ್ತದೆ. ಮುಗಿದ ಮೇಲೆ ಹೀಪ್ ಅನ್ನು ಮತ್ತೆ ಇಳಿಸುವುದನ್ನು ಮರೆಯಬೇಡಿ.

ಕೆಂಪು ಸಾಲುಗಳನ್ನು ಓದುವುದು

ಎರಡು ಬಗೆಯ ಸೋಲುಗಳಿವೆ, ಎರಡಕ್ಕೂ ಮದ್ದು ತದ್ವಿರುದ್ಧ. ಇದನ್ನು ಗುರುತಿಸದೆ ಎಲ್ಲದಕ್ಕೂ ಹೀಪ್ ಏರಿಸುವುದೇ ಸಾಮಾನ್ಯವಾಗಿ ನಡೆಯುವ ತಪ್ಪು.

‘ಔಟ್ ಆಫ್ ಮೆಮೊರಿ: ಜಾವಾ ಹೀಪ್ ಸ್ಪೇಸ್’ ಅಥವಾ ‘ಜಿಸಿ ಓವರ್‌ಹೆಡ್ ಲಿಮಿಟ್ ಎಕ್ಸೀಡೆಡ್’ ಎಂದರೆ ನೀವು ಹಾಕಿದ ಮಿತಿ ಸಾಲಲಿಲ್ಲ. ಎರಡನೆಯದು ಬರುವುದು ಶೇಕಡ 98ರಷ್ಟು ಸಮಯ ಕಸ ಗುಡಿಸಲು ಹೋಗಿ, ಶೇಕಡ 2ರಷ್ಟು ಜಾಗವೂ ಸಿಗದಾಗ. ಇಲ್ಲಿ ಹೀಪ್ ಏರಿಸಬೇಕು, ಒಂದು ಸಲಕ್ಕೆ 256 ಎಂಬಿಯಂತೆ. ಸಂದೇಶದಲ್ಲಿ ಮೆಟಾಸ್ಪೇಸ್ ಎಂಬ ಹೆಸರಿದ್ದರೆ ಹೀಪ್ ಮುಟ್ಟಬೇಡಿ, ಮೆಟಾಸ್ಪೇಸ್ ಮಿತಿಯನ್ನು 768 ಮಾಡಿ.

‘ದೇರ್ ಈಸ್ ಇನ್‌ಸಫಿಶಿಯೆಂಟ್ ಮೆಮೊರಿ ಫಾರ್ ದ ಜಾವಾ ರನ್‌ಟೈಮ್’, ‘ಪೇಜಿಂಗ್ ಫೈಲ್ ಈಸ್ ಟೂ ಸ್ಮಾಲ್’, ‘ಕುಡ್ ನಾಟ್ ರಿಸರ್ವ್ ಇನಫ್ ಸ್ಪೇಸ್’ ಇವು ಬೇರೆ ಜಾತಿ. ವಿಂಡೋಸ್‌ನ ಮಾತಿನ ಮಿತಿ ಮುಗಿದಿದೆ ಎಂಬುದರ ಸೂಚನೆ. ಇಲ್ಲಿ ಹೀಪ್ ಏರಿಸಿದರೆ ಇನ್ನೂ ಬೇಗ ಬೀಳುತ್ತದೆ. ಹೀಪ್ ಇಳಿಸಿ, ಬೇರೆ ಪ್ರೋಗ್ರಾಂ ಮುಚ್ಚಿ, ಇಲ್ಲವೇ ಪೇಜಿಂಗ್ ಫೈಲ್ ಹೆಚ್ಚಿಸಿ. ‘ಗ್ರೇಡಲ್ ಬಿಲ್ಡ್ ಡೀಮನ್ ಡಿಸಪಿಯರ್ಡ್ ಅನ್‌ಎಕ್ಸ್‌ಪೆಕ್ಟೆಡ್ಲಿ’ ಬಂದರೂ ಬಹಳ ಸಲ ಇದೇ ಕಾರಣ. ಖಾತ್ರಿ ಬೇಕಿದ್ದರೆ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ‘ಎಚ್‌ಎಸ್_ಎರ್_ಪಿಐಡಿ’ ಎಂದು ಶುರುವಾಗುವ ಲಾಗ್ ಫೈಲ್ ಇದೆಯೇ ನೋಡಿ. ಅದರ ಕೊನೆಯ ಭಾಗದಲ್ಲಿ ‘ಟೋಟಲ್ ಪೇಜ್‌ಫೈಲ್’ ಸಾಲಿದೆ. ಅವೈಲ್ ಎಂಬ ಅಂಕಿ ಕೆಲವೇ ಎಂಬಿ ಇದ್ದರೆ ಕಳ್ಳ ಸಿಕ್ಕಿಬಿದ್ದ.

ತಪ್ಪಿನ ಸಾಲೇ ಇಲ್ಲ, ಎಲ್ಲ ಬರೀ ನಿಧಾನ ಎಂದರೆ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಪುಟದ ಹಾರ್ಡ್ ಫಾಲ್ಟ್ಸ್ ಕಾಲಂ ನೋಡಿ. ಸ್ಟುಡಿಯೋ ಅಥವಾ ಜಾವಾ ಸಾಲಿನಲ್ಲಿ ನೂರಾರು ಅಂಕಿ ಎಡೆಬಿಡದೆ ಬರುತ್ತಿದ್ದರೆ ರ‍್ಯಾಮ್ ನಿಜಕ್ಕೂ ಸಾಲುತ್ತಿಲ್ಲ. ಸೊನ್ನೆಯ ಹತ್ತಿರ ಇದ್ದರೆ ನಿಧಾನಕ್ಕೆ ಪ್ರೊಸೆಸರ್ ಅಥವಾ ಆಂಟಿವೈರಸ್ ಕಾರಣ, ಮೆಮೊರಿಯನ್ನು ಬೈಯಬೇಡಿ.

4 ಜಿಬಿ ಇದ್ದವರಿಗೆ, ರ‍್ಯಾಮ್ ಹಾಕಿಸುವವರಿಗೆ

4 ಜಿಬಿಯಲ್ಲಿ ಸ್ಟುಡಿಯೋ ತೆರೆಯುವ ಹಟ ಬೇಡ. ಹಗುರಾದ ಎಡಿಟರ್‌ನಲ್ಲಿ ಕೋಡ್ ಬರೆದು, ಕಮಾಂಡ್ ಲೈನ್‌ನಿಂದ 1024ರ ಹೀಪ್‌ನಲ್ಲಿ ಬಿಲ್ಡ್ ಮಾಡಿ ಫೋನ್‌ಗೆ ಹಾಕಬಹುದು. ಕೋಡ್ ಎಲ್ಲರಿಗೂ ತೆರೆದಿಡಲು ಅಡ್ಡಿಯಿಲ್ಲ ಎಂದರೆ ಗಿಟ್‌ಹಬ್‌ನ ಸಾರ್ವಜನಿಕ ರೆಪಾಸಿಟರಿಗಳಿಗೆ ಗಿಟ್‌ಹಬ್ ಆ್ಯಕ್ಷನ್ಸ್‌ನ ಸಾಮಾನ್ಯ ಯಂತ್ರಗಳು ಉಚಿತ. ಬಿಲ್ಡ್ ಅಲ್ಲೇ ಮಾಡಿಸಿ ಎಪಿಕೆ (ಆ್ಯಪ್ ಫೈಲ್) ಇಳಿಸಿಕೊಳ್ಳಿ.

ರ‍್ಯಾಮ್ ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರ್‌ನ ಅದೇ ಮೆಮೊರಿ ಪುಟದಲ್ಲಿ ಸ್ಲಾಟ್ಸ್ ಯೂಸ್ಡ್ ಮತ್ತು ಫಾರ್ಮ್ ಫ್ಯಾಕ್ಟರ್ ನೋಡಿ. ‘2ರಲ್ಲಿ 1’ ಮತ್ತು ‘ಎಸ್‌ಒಡಿಐಎಂಎಂ’ ಎಂದಿದ್ದರೆ ಇನ್ನೊಂದು 8 ಜಿಬಿ ಕಡ್ಡಿ ಹಾಕಿಸಬಹುದು. ‘ರೋ ಆಫ್ ಚಿಪ್ಸ್’ ಎಂದಿದ್ದರೆ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುವುದು ಹೆಚ್ಚು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದರ ಜೊತೆಗೇ ಒಂದು ಖಾಲಿ ಸ್ಲಾಟ್ ಇರುತ್ತದೆ, ಮಾದರಿಯ ಕೈಪಿಡಿಯಲ್ಲಿ ಖಚಿತ ಮಾಡಿಕೊಳ್ಳಿ. ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್5 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ವೇಗ ಬೇರೆಯಾದ ಎರಡು ಕಡ್ಡಿ ಹಾಕಿದರೆ ಸಾಮಾನ್ಯವಾಗಿ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. 16 ಜಿಬಿ ಆದಮೇಲೆ ಗ್ರೇಡಲ್ ಹೀಪ್ 2048ಕ್ಕೆ ಏರಿಸಿ, ಇನ್-ಪ್ರೊಸೆಸ್ ಸಾಲು ಅಳಿಸಿ, ವರ್ಕರ್ಸ್ 4 ಮಾಡಿ, ಎಮ್ಯುಲೇಟರನ್ನು ಪಂಕ್ತಿಗೆ ವಾಪಸ್ ಕರೆಯಿರಿ.